ಶನಿಗ್ರಹಕ್ಕೆ ಸಾಯುವವರು ಬೇಕಾಗಿದ್ದಾರೆ

ಬೆಳಿಗ್ಗೆ ಎಂಟೂವರೆಗೆ ಮಂಚಯ್ಯ “ನಾನು ಸಾಯಕಿಲ್ಲ” ಎಂದು ಹೇಳಿ ಬೀಡಿ ಹಚ್ಚಿಕೊಂಡ. ಎಲ್ಲ ಫಜೀತಿಯೂ ಶುರುವಾದದ್ದು ಅಲ್ಲಿಂದ.

ಸಾಯಲೇಬೇಕು ಎಂದು ಪಟ್ಟು ಹಿಡಿದು, ಹೆಗಲ ಮೇಲೆ ವಿಡಿಯೋ ಕ್ಯಾಮೆರಾ ಹೊತ್ತು ಎದುರಿಗೆ ನಿಂತವನು ಅವನ ಹೆಂಡತಿಯ ತಮ್ಮ ಕನಕರಾಜು. ಇಬ್ಬರೂ ನಿಂತಿದ್ದು ಮಂಚಯ್ಯನ ಬ್ಯಾರನ್ನಿನೊಳಗೆ. ಪಿರಿಯಾಪಟ್ಟಣದ ಕಡೆಯವರಿಗೆ ಬ್ಯಾರನ್ ಎಂದರೆ ಬಿಡಿಸಿ ಹೇಳಬೇಕಾಗಿಲ್ಲ, ಉಳಿದವರಿಗೆ ಹೇಳುತ್ತೇನೆ. ಅದು ಹೊಗೆಸೊಪ್ಪು ಬೇಯಿಸುವ ಮನೆ. ಮೂರಾಳೆತ್ತರದ ಗೋಡೆ, ಒಳಗೆ ಸೊಪ್ಪು ನೇತುಹಾಕಲು ಸಾಲುಸಾಲಾಗಿ ಅಡ್ಡ ಕಟ್ಟಿದ ಗಳಗಳು, ನೆಲದ ಮೇಲೆ ಆನೆ ಸೊಂಡಿಲಿನಷ್ಟು ದಪ್ಪದ ತಗಡಿನ ಕೊಳವೆಗಳು, ಶಾಖ ಎಷ್ಟಿದೆ ಎಂದು ಹೊರಗಿನಿಂದ ನೋಡಲು ಅಂಗೈಯಗಲದ ಗಾಜಿನ ಕಿಂಡಿ. ಆ ಕೊಳವೆಗಳನ್ನೂ ಕಿಂಡಿಯನ್ನೂ ನೋಡಿದ ಒಂದು ದಿನ ಕನಕರಾಜುವಿಗೆ ಇದು ಬ್ಯಾರನ್ನೇ ಅಲ್ಲ, ಶನಿಗ್ರಹಕ್ಕೆ ಹೊರಟ ಅಂತರಿಕ್ಷ ನೌಕೆ ಎಂದು ಹೊಳೆದುಬಿಟ್ಟಿತ್ತು.

ಅವನಿಗೆ ಹೀಗೆಲ್ಲ ಹೊಳೆಯಲು ಕಾರಣವಿತ್ತು. ಕಂಪಲಾಪುರದಲ್ಲಿ ಅವನದೊಂದು ವಿಡಿಯೋ ಅಂಗಡಿ. ಮದುವೆ, ನಾಮಕರಣ, ಗೃಹಪ್ರವೇಶ ಅಂತ ಹೋಗಿ ಚಿತ್ರ ತೆಗೆಯುವುದು, ಉಳಿದ ದಿನ ಮೈಸೂರಿನಿಂದ ತಂದ ಇಂಗ್ಲಿಷ್ ಕ್ಯಾಸೆಟ್ಟುಗಳನ್ನು ಬಾಡಿಗೆಗೆ ಕೊಡುವುದು. ಅದರಲ್ಲೊಂದು ಜಾತಿಯ ಚಿತ್ರಗಳನ್ನು ಊರಿನಲ್ಲಿ ಯಾರೂ ಮುಟ್ಟುತ್ತಿರಲಿಲ್ಲ. ಆಕಾಶದಲ್ಲಿ ಹಾರುವ ನೌಕೆ, ಅದರೊಳಗೆ ರಕ್ತ ಹೀರುವ ದೆವ್ವ. ನೌಕೆ ರಟ್ಟಿನದು, ಅದನ್ನು ನೇತುಹಾಕಿದ ದಾರ ಕಣ್ಣಿಗೆ ಕಾಣುತ್ತಿತ್ತು, ದೆವ್ವದ ಹಲ್ಲು ಮಾತಾಡುವಾಗ ಕಳಚಿಕೊಳ್ಳುತ್ತಿತ್ತು. ಯಾರೂ ನೋಡದ ಆ ಚಿತ್ರಗಳನ್ನು ಕನಕರಾಜು ಒಬ್ಬನೇ ಕೂತು ಹತ್ತು ಹತ್ತು ಸಲ ನೋಡಿದ. ಇಷ್ಟು ಕೆಟ್ಟದಾಗಿ ಅವರೇ ಮಾಡಬಹುದಾದರೆ, ತಗಡಿನ ಕೊಳವೆ ಇರುವ ನಾವು ಯಾಕೆ ಮಾಡಬಾರದು ಎಂದು ಅವನಿಗೆ ಸಿಟ್ಟೇ ಬಂತು.

ಕತೆಯನ್ನೂ ತಾನೇ ಬರೆದ. ಹೆಸರು ‘ಶನಿಗ್ರಹದ ರಕ್ತಪಿಶಾಚಿ’. ಮೂವರು ನೌಕೆಯಲ್ಲಿ ಹೋಗುತ್ತಾರೆ, ಪಿಶಾಚಿ ಒಬ್ಬೊಬ್ಬರನ್ನೇ ಕಚ್ಚಿ ಮುಗಿಸುತ್ತದೆ, ಕಡೆಗೆ ಅದೊಂದೇ ಉಳಿದು ಕಿಂಡಿಯಲ್ಲಿ ಭೂಮಿಯನ್ನು ನೋಡಿ ನಗುತ್ತದೆ. ಕೇಳಿದವರೆಲ್ಲ ತಲೆಗೊಂದು ಬುದ್ಧಿ ಹೇಳಿದರು. ಒಬ್ಬರು ಮಾರಮ್ಮ ಬಂದು ದೆವ್ವದ ತಲೆ ಕಡಿಯಲಿ ಎಂದರು, ಇನ್ನೊಬ್ಬರು ಎರಡು ಹಾಡು ಹಾಕು ಎಂದರು, ಶನಿಮಹಾತ್ಮನ ಹೆಸರು ತೆಗೆದು ಗುರುಗ್ರಹ ಮಾಡು ಎಂದು ಸ್ವಂತ ಅಕ್ಕನೇ ಕೈ ಮುಗಿದಳು. ಕನಕರಾಜು ಎಲ್ಲರಿಗೂ ಒಂದೇ ಉತ್ತರ ಕೊಟ್ಟ. “ನನ್ ಪಿಕ್ಚರ್‌ನಲ್ಲಿ ದೇವ್ರು ಬರಕಿಲ್ಲ, ಹಾಡಿರಕಿಲ್ಲ, ದೆವ್ವ ಸಾಯಕಿಲ್ಲ. ಇಷ್ಟ ಇದ್ರೆ ನೋಡಿ, ಇಲ್ದಿದ್ರೆ ಬುಡಿ.”

ಇನ್ನು ಪಾತ್ರಧಾರಿಗಳು. ನಮ್ಮ ಕಡೆ ಊರ ನಾಟಕದಲ್ಲಿ ಪಾತ್ರವನ್ನು ಯಾರೂ ಕೊಡುವುದಿಲ್ಲ, ಬೇಕಾದವರು ಕೊಂಡುಕೊಳ್ಳಬೇಕು. ದುರ್ಯೋಧನ ಆಗುವವನು ಎಲ್ಲರಿಗಿಂತ ಹೆಚ್ಚು ಕೊಡಬೇಕು, ದೂತನಿಗೆ ಅಗ್ಗ. ಕನಕರಾಜುವೂ ಅದೇ ಪದ್ಧತಿ ಹಿಡಿದ. ಬ್ಯಾರನ್ ಬಿಟ್ಟುಕೊಟ್ಟ ಮಂಚಯ್ಯ ನೌಕೆಯ ಕ್ಯಾಪ್ಟನ್. ಡೇರಿಯ ಹಾಲಿನ ಕ್ಯಾನುಗಳನ್ನು ಆಮ್ಲಜನಕದ ಸಿಲಿಂಡರುಗಳಾಗಿ ಒದಗಿಸಿದ ಪುಟ್ಟಸ್ವಾಮಿ ವಿಜ್ಞಾನಿ. ಗೊಬ್ಬರದ ಬಿಳಿ ಚೀಲಗಳಲ್ಲಿ ಎಲ್ಲರಿಗೂ ಅಂತರಿಕ್ಷದ ಅಂಗಿ ಹೊಲಿದುಕೊಟ್ಟ ಟೈಲರಿಂಗ್ ಕ್ಲಾಸಿನ ಪ್ರಮೀಳಾ ಡಾಕ್ಟರು. ಮೂರು ದಿನ ಎಲ್ಲರಿಗೂ ಊಟ ಹಾಕಿಸುವ ಅತಿ ದೊಡ್ಡ ಭಾರ ಹೊತ್ತ ಮುದ್ದಯ್ಯ ಪಿಶಾಚಿ. ಮುದ್ದಯ್ಯ ಇಪ್ಪತ್ತು ವರ್ಷದಿಂದ ಊರಿಗೆ ದುರ್ಯೋಧನ. ಕಪ್ಪು ನಿಲುವಂಗಿ ಅವನ ಸ್ವಂತದ್ದು.

ಹೀಗೆ ಎರಡು ದಿನ ಚೆನ್ನಾಗಿ ನಡೆಯಿತು. ಮೂರನೆಯ ದಿನಕ್ಕೆ ಉಳಿದದ್ದು ಸಾವುಗಳು ಮತ್ತು ಕಡೆಯ ನಗು. ಅವತ್ತೇ ಮುಗಿಯಬೇಕು, ಬೇರೆ ದಾರಿ ಇರಲಿಲ್ಲ. ಸಂಜೆ ಐದಕ್ಕೆ ಬ್ಯಾರನ್ನಿನ ಒಲೆಗೆ ಪೂಜೆ ಮಾಡಿ, ಕೊಳವೆಯಲ್ಲಿ ಎಲ್ಲಾದರೂ ಹೊಗೆ ಸೋರುತ್ತದೆಯೋ ಎಂದು ಬೆಂಕಿ ಹಾಕಿ ನೋಡುವುದಿತ್ತು. ಮರುದಿನ ಸೊಪ್ಪು ಒಳಗೆ ಹೋದರೆ ಇನ್ನು ನಾಲ್ಕೈದು ತಿಂಗಳು ಅಲ್ಲಿಗೆ ಇಲಿಯೂ ನುಗ್ಗುವಂತಿರಲಿಲ್ಲ. ಪಿರಿಯಾಪಟ್ಟಣದ ಕೇಬಲ್ಲಿನವನು ಭಾನುವಾರ ಮಧ್ಯಾಹ್ನ ಚಿತ್ರ ಬಿಡುತ್ತೇನೆ ಎಂದು ಮಾತು ಕೊಟ್ಟಿದ್ದ. ಒಂದೇ ಒಂದು ಭಾನುವಾರ ಊರವರು ತನ್ನನ್ನು ‘ಮದುವೆ ಕ್ಯಾಮೆರಾ’ ಎನ್ನದೆ ಡೈರೆಕ್ಟರು ಎನ್ನಬೇಕು, ಅದು ಕನಕರಾಜುವಿನ ಜೀವದ ಆಸೆ.

ಅಂಥ ದಿನವೇ ಭಾವ ಬೀಡಿ ಹಚ್ಚಿಕೊಂಡು ಸಾಯುವುದಿಲ್ಲ ಎಂದದ್ದು.

“ಯಾಕೆ ಬಾವ? ನೆನ್ನೆ ಒಪ್ಕಂಡಿದ್ರಲ್ಲ.”

“ನೆನ್ನೆ ನಿಮ್ಮಕ್ಕಂಗೆ ಗೊತ್ತಿರ್ನಿಲ್ಲ. ಈಗ ಗೊತ್ತಾಗದೆ. ವರ್ಸದ ಮೊದಲ್ನೇ ಒಲೆ ಹಚ್ಚೋ ದಿನ ಬ್ಯಾರನ್ ಯಜಮಾನ ಬ್ಯಾರನ್ ಒಳಗೇ ಸತ್ತು ಬಿದ್ಕಂಡಿದ್ರೆ ಸೊಪ್ಪು ಏನಾಯ್ತದೆ ಯೋಳು. ಕರ್ರಗಾಯ್ತದೆ.”

“ಸುಮ್ನೆ ಮಲಗದು ಬಾವ, ಎರಡ್ ನಿಮಿಸ.”

“ಮಲಗ್ತೀನಿ. ಕಣ್ ಮುಚ್ಚಕಿಲ್ಲ. ಪಿಶಾಚಿ ಕಚ್ಚುದ್ ಮ್ಯಾಲೆ ನಾನು ಎದ್ದು ಕಾಪಿ ಕುಡೀತೀನಿ.”

ಕನಕರಾಜು ಪುಟ್ಟಸ್ವಾಮಿಯ ಕಡೆ ತಿರುಗಿದ. ಪುಟ್ಟಸ್ವಾಮಿ ಹಾಲಿನ ಕ್ಯಾನು ಬೆನ್ನಿಗೆ ಕಟ್ಟಿಕೊಂಡು ತಯಾರಾಗಿದ್ದವನು ಮೆಲ್ಲಗೆ ಅದನ್ನು ಬಿಚ್ಚಿ ಕೆಳಗಿಟ್ಟ. ಅವನು ಮುಂದಿನ ವಾರದ ಡೇರಿ ಎಲೆಕ್ಷನ್ನಿಗೆ ನಿಂತಿದ್ದ.

“ಬೇಜಾರ್ ಮಾಡ್ಕಬ್ಯಾಡ ಕಣ್ಲಾ. ಭಾನ್ವಾರ ಟೀವೀಲಿ ಸಾಯದು, ಬುಧ್ವಾರ ವೋಟು. ಎದುರ್ ಪಾರ್ಟಿಯೋರು ಸತ್ತೋನಿಗೆ ಯಾಕ್ ವೋಟು ಅಂತ ಮನೆಮನೆಗೂ ಯೋಳ್ಕ ಬತ್ತಾರೆ. ಬೇಕಾದ್ರೆ ಗಾಯ ಮಾಡ್ಕತೀನಿ.”

ಪ್ರಮೀಳಾಳ ಕಷ್ಟ ಇನ್ನೊಂದು ಬಗೆಯದು. ಮುಂದಿನ ವಾರ ಶುಕ್ರವಾರ ಅವಳನ್ನು ನೋಡಲು ಹುಣಸೂರಿನಿಂದ ಗಂಡಿನ ಕಡೆಯವರು ಬರುವವರಿದ್ದರು. “ಮುದ್ದಯ್ಯಣ್ಣ ನನ್ ಕುತ್ಗೆಗೆ ಬಾಯಿ ಆಕದ್ನ ಅವರೇನಾರ ಟೀವೀಲಿ ನೋಡುದ್ರೆ ನನ್ ಗತಿ ಏನಣ್ಣ? ಆಸ್ಪತ್ರೇಲಿ ತಗೀತಾರಲ್ಲ, ಅಂಗೆ ಸೂಜಿ ಚುಚ್ಚಿ ತಕ್ಕಳ್ಳಿ. ನಾನು ಡಾಕ್ಟರ್ ತಾನೆ, ನಾನೇ ತಗದುಕೊಡ್ತೀನಿ.”

ಕನಕರಾಜು ಕ್ಯಾಮೆರಾ ಇಳಿಸಿ ತಲೆಯ ಮೇಲೆ ಕೈ ಹೊತ್ತ. ರಕ್ತ ಹೀರುವ ದೆವ್ವದ ಚಿತ್ರದಲ್ಲಿ ಒಬ್ಬ ಕಾಫಿ ಕುಡಿಯುತ್ತಾನೆ, ಒಬ್ಬ ಗಾಯ ಮಾಡಿಕೊಳ್ಳುತ್ತಾನೆ, ಒಬ್ಬಳು ರಕ್ತಪರೀಕ್ಷೆ ಮಾಡಿಸುತ್ತಾಳೆ. ಇದಕ್ಕೆ ಶನಿಗ್ರಹದವರೆಗೆ ಯಾಕೆ ಹೋಗಬೇಕು, ಪಿರಿಯಾಪಟ್ಟಣದ ಸರ್ಕಾರಿ ಆಸ್ಪತ್ರೆಗೆ ಹೋದರೆ ಸಾಲದೆ?

“ಆಯ್ತು,” ಎಂದ ಹಲ್ಲು ಕಚ್ಚಿ. “ಮೊದ್ಲು ಮುದ್ದಯ್ಯಣ್ಣನ ಮುಖ ತಗೀತೀನಿ, ಬಾಯಿಂದ ರಕ್ತ ಸೋರದು. ಅಷ್ಟರಲ್ಲಿ ನಿಮಗ್ ಬುದ್ಧಿ ಬರ್ಲಿ. ಅಕ್ಕಾ, ರಕ್ತ ಎಲ್ಲಿ?”

ರಕ್ತ ತಯಾರಿಸುವ ಕೆಲಸ ಅಕ್ಕ ಸುಂದ್ರಮ್ಮನದು. ಅವಳಿಗೆ ಗೊತ್ತಿದ್ದ ಕೆಂಪು ನೀರು ಒಂದೇ, ಆರತಿಯದು. ಅರಿಶಿನಕ್ಕೆ ಸುಣ್ಣ ಕಲಸಿ ಚೊಂಬು ತುಂಬ ತಂದಿದ್ದಳು. ತಮ್ಮನ ಚಿತ್ರ ಕಳೆಗಟ್ಟಲಿ ಎಂದು ಸುಣ್ಣ ಒಂದು ಹಿಡಿ ಹೆಚ್ಚೇ ಹಾಕಿದ್ದಳು. ಮುದ್ದಯ್ಯ ಬಾಯಿ ತುಂಬ ಹೊಯ್ದುಕೊಂಡ. ಸುಮ್ಮನೆ ಉಗುಳಿದ್ದರೆ ಮುಗಿದುಹೋಗುತ್ತಿತ್ತು, ಆದರೆ ದುರ್ಯೋಧನನಾದವನು ಮಾತಿಲ್ಲದೆ ಯಾರನ್ನೂ ಕೊಲ್ಲುವುದಿಲ್ಲ. ರಕ್ತವನ್ನು ಕೆನ್ನೆಯಲ್ಲಿಟ್ಟುಕೊಂಡೇ “ಎಲೈ ಮಾನವಾಧಮನೇ” ಎಂದು ಶುರುಮಾಡಿದವನು ಸುಣ್ಣಕ್ಕೆ ಬಾಯಿ ಬೆಂದು, ಮುಂದಿನ ಮಾತಿಗೆ ನಾಲಿಗೆ ಎತ್ತಲಾರದೆ ಬಾಯಿ ಬಿಟ್ಟುಕೊಂಡು ಹೊಲದ ತುಂಬ ಓಡಿದ. ಮಜ್ಜಿಗೆ ಕುಡಿಸಿ, ಬೆಣ್ಣೆ ಸವರಿ ಬೇಲಿಯ ನೆರಳಿನಲ್ಲಿ ಮಲಗಿಸುವ ಹೊತ್ತಿಗೆ ಹನ್ನೊಂದೂವರೆ.

“ದೆವ್ವಕ್ಕೇ ಆರತಿ ನೀರು ಕುಡ್ಸುದ್ರೆ ಇನ್ನೇನಾದದು?” ಎಂದಳು ಚಿಕ್ಕಬೀರಮ್ಮ. ಮಂಚಯ್ಯನ ತಾಯಿ, ಎಂಬತ್ತು ದಾಟಿದ ಮುದುಕಿ, ಊರಿನಲ್ಲಿ ಯಾವ ಶಾಸ್ತ್ರ ಬೇಕಾದರೂ ಅವಳನ್ನೇ ಕೇಳಬೇಕು. ಮೂರು ದಿನದಿಂದ ಬ್ಯಾರನ್ನಿನ ಬಾಗಿಲಲ್ಲಿ ಎಲೆಯಡಿಕೆ ಕುಟ್ಟುತ್ತ ಕೂತು ಎಲ್ಲವನ್ನೂ ನೋಡುತ್ತಿದ್ದಳು.

ಊಟದ ಹೊತ್ತಿಗೆ ಕನಕರಾಜು ತುತ್ತು ಮುಟ್ಟಲಿಲ್ಲ. ಉಳಿದವರು ಮುದ್ದಯ್ಯ ತರಿಸಿದ್ದ ಮುದ್ದೆ, ಅವರೆಕಾಳು ಸಾರು ಹೊಡೆಯುತ್ತ ಹೊಂಗೆ ಮರದ ಕೆಳಗೆ ಕೂತಿದ್ದರು. ಆಗ ಮೇಲಿಂದ ಒಂದು ಕಾಗೆ ಇಳಿದು ಬಂದು, ಪುಟ್ಟಸ್ವಾಮಿಯ ನೆತ್ತಿಯನ್ನು ಕಾಲಿನಿಂದ ಒತ್ತಿ ಮತ್ತೆ ಹಾರಿಹೋಯಿತು.

ಪುಟ್ಟಸ್ವಾಮಿಯ ಕೈಯಲ್ಲಿದ್ದ ತುತ್ತು ಹಾಗೇ ತಟ್ಟೆಗೆ ಬಿತ್ತು. ಕಾಗೆ ತಲೆ ಮುಟ್ಟಿದರೆ ಮೃತ್ಯು ಮುಟ್ಟಿದ ಹಾಗೆ ಎನ್ನುವುದು ಅಲ್ಲಿದ್ದ ಎಲ್ಲರಿಗೂ ಗೊತ್ತು. ಅದಕ್ಕೆ ಇರುವ ಪರಿಹಾರವೂ ಗೊತ್ತು. ಆದರೂ ಬಾಯಿಬಿಟ್ಟು ಹೇಳಿದವಳು ಚಿಕ್ಕಬೀರಮ್ಮ.

“ಹೆದರ್ಕಬ್ಯಾಡ ಕಣಪ್ಪ. ದೂರದೂರಲ್ಲಿರೋ ನಿನ್ ನೆಂಟ್ರಿಗೆ ನೀನ್ ಸತ್ತೆ ಅಂತ ಸುಳ್ ಸುದ್ದಿ ಕಳ್ಸು. ಅವರು ಅತ್ತುಬುಟ್ರೆ ಸಾವು ಸುಳ್ಳಾಗೋಯ್ತದೆ. ದೋಸ ಕಳೀತದೆ.”

“ಸುದ್ದಿ ಕಳ್ಸುದ್ರೆ ಸಂಜೆ ಒಳಗೆ ತಾಲ್ಲೂಕಿಗೆಲ್ಲ ಆಯ್ತದೆ ಅಜ್ಜಿ,” ಪುಟ್ಟಸ್ವಾಮಿ ಅಳುವ ಹಾಗಾದ. “ನನ್ ಎಲೆಕ್ಷನ್ ಎಕ್ಕುಟ್ಟೋಯ್ತದೆ.”

ಕನಕರಾಜು ಕೂತಲ್ಲಿಂದ ಎದ್ದ. ಕಾಗೆಯ ರೂಪದಲ್ಲಿ ಯಾವ ದೇವರು ಬಂದಿದ್ದನೋ, ದೇವರೇ ಬೇಡ ಎಂದಿದ್ದವನಿಗೆ ಅದು ಮುಖ್ಯವಾಗಲಿಲ್ಲ.

“ಸುದ್ದಿ ಯಾಕಣ್ಣ ಕಳ್ಸಬೇಕು? ಇಲ್ಲೇ ಸಾಯಿ. ಅತ್ತಿಗೇನ ಕರ್ಸಿ ಪಕ್ಕದಲ್ಲಿ ಕೂರ್ಸಾನ, ಅವರು ಅಳ್ಳಿ. ಊರಿಗೆ ಕೇಳುದ್ರೆ ಪಿಕ್ಚರ್ ಅನ್ನು, ಯಮಂಗೆ ಕೇಳುದ್ರೆ ಸತ್ತೆ ಅನ್ನು.”

ಪುಟ್ಟಸ್ವಾಮಿ ಮುದುಕಿಯ ಮುಖ ನೋಡಿದ. ಚಿಕ್ಕಬೀರಮ್ಮ ಎಲೆಯಡಿಕೆ ಉಗುಳಿ ಯೋಚಿಸಿ, “ಆಗಬೋದು. ಅಳದು ಮಾತ್ರ ನಿಜವಾಗಿರ್ಬೇಕು” ಎಂದಳು.

ಪುಟ್ಟಸ್ವಾಮಿ ಸತ್ತ. ಮುದ್ದಯ್ಯ ಬೆಣ್ಣೆ ಬಾಯಿಯಲ್ಲೇ ಬಂದು, ಈ ಸಲ ಬೀಟ್‌ರೂಟ್ ನೀರು ಸುರಿಸುತ್ತ ಕಚ್ಚಿದ. ಕಾಗೆಯ ಸುದ್ದಿ ಕೇಳಿ ಓಡಿ ಬಂದಿದ್ದ ಪುಟ್ಟಸ್ವಾಮಿಯ ಹೆಂಡತಿ, ಗೊಬ್ಬರದ ಚೀಲ ತೊಟ್ಟು ಕಣ್ಣು ಮುಚ್ಚಿದ ಗಂಡನನ್ನು ನೋಡಿ ಎದೆ ಎದೆ ಬಡಿದುಕೊಂಡು ಅತ್ತಳು. ಅಂಥ ಅಳು ಯಾವ ಇಂಗ್ಲಿಷ್ ಚಿತ್ರದಲ್ಲೂ ಇರಲಿಲ್ಲ. ಕ್ಯಾಮೆರಾ ಹಿಡಿದ ಕನಕರಾಜುವಿನ ಕಣ್ಣಲ್ಲೂ ನೀರು ಬಂತು, ಅರ್ಧ ಸಂಕಟಕ್ಕೆ, ಅರ್ಧ ಸಂತೋಷಕ್ಕೆ.

ಎದ್ದು ಕೂತ ಪುಟ್ಟಸ್ವಾಮಿಯ ತಲೆಗೆ ನೀರು ಹಾಕುತ್ತ ಚಿಕ್ಕಬೀರಮ್ಮ ಇನ್ನೊಂದು ಮಾತು ಹೇಳಿದಳು. “ದೋಸ ಇರ್ಲಿ ಬುಡ್ಲಿ, ಸುಳ್ ಸಾವು ಸತ್ತೋನಿಗೆ ಆಯಸ್ಸು ಇಮ್ಮಡಿ ಆಯ್ತದೆ ಕಣಪ್ಪ.”

ಅಷ್ಟು ಸಾಕಾಯಿತು. ಮಂಚಯ್ಯ ಬೀಡಿ ಎಸೆದು ಬಂದ.

“ಲೋ ರಾಜು, ನಾನು ಕ್ಯಾಪ್ಟನ್ ತಾನೆ? ನಾನ್ ಮೊದ್ಲು ಸಾಯಬೇಕಿತ್ತು. ಬ್ಯಾರನ್ ನಂದು.”

“ಸೊಪ್ಪು ಕರ್ರಗಾಯ್ತದೆ ಅಂದ್ರಿ.”

“ಸೊಪ್ಪು ವರ್ಸಾ ವರ್ಸಾ ಬತ್ತದೆ. ಮಲಗ್ತೀನಿ, ಇಡ್ಕ.”

ಮಂಚಯ್ಯನ ಪಕ್ಕ ಸುಂದ್ರಮ್ಮ ಅತ್ತಳು, ಅತ್ತು ಮುಗಿಸಿ ತಾನೂ ಸತ್ತಳು. ಪ್ರಮೀಳಾಳ ತಾಯಿ ಮಗಳ ಕುತ್ತಿಗೆಗೆ ಟವೆಲ್ ಸುತ್ತಿ ತಾನೇ ಕರೆದುಕೊಂಡು ಬಂದು ಕಚ್ಚಿಸಿದಳು. ಹೊಲದಲ್ಲಿ ಸೊಪ್ಪು ಮುರಿಯುತ್ತಿದ್ದ ಹೆಂಗಸರಿಗೆ ಸುದ್ದಿ ಮುಟ್ಟಿತು, ಅವರಿಂದ ಊರಿಗೆ. ಮೂರು ಗಂಟೆಗೆ ಬ್ಯಾರನ್ನಿನ ಮುಂದೆ ರೇಷನ್ ಅಂಗಡಿಯಂಥ ಸಾಲು. ನೌಕೆಯಲ್ಲಿ ಮೂವರೇ ಇರುವುದು ಎಂದು ಕನಕರಾಜು ಗಂಟಲು ಹರಿದುಕೊಂಡ. “ಇನ್ನೊಂದ್ ಬಸ್ ಬಂತು ಅನ್ಕೊಳಪ್ಪ” ಎಂದರು ಸಾಲಿನವರು. ಮದುವೆಯಲ್ಲಿ ಮುಯ್ಯಿ ಕೊಟ್ಟವರು ಕ್ಯಾಮೆರಾ ಕಡೆ ತಿರುಗುವ ಹಾಗೆ ಒಬ್ಬೊಬ್ಬರೇ ಬಂದು, ಲೈಟಿನ ಕಡೆ ಮುಖ ಮಾಡಿ, ಕಚ್ಚಿಸಿಕೊಂಡು ಬಿದ್ದರು. ನಾಲ್ಕು ಗಂಟೆಯ ಹೊತ್ತಿಗೆ ಮೂವತ್ತೇಳು ಜನ ಸತ್ತು ಎದ್ದು ಮನೆಗೆ ಹೋಗದೆ ಅಲ್ಲೇ ಪೂಜೆಗೆ ಕಾದು ಕೂತಿದ್ದರು.

ಕ್ಯಾಸೆಟ್ಟಿನಲ್ಲಿ ಹತ್ತು ನಿಮಿಷ ಉಳಿದಿತ್ತು. ಉಳಿದದ್ದು ಪಿಶಾಚಿಯ ನಗು. ಕಿಂಡಿಯ ಆಚೆ ನೀಲಿ ಬಣ್ಣ ಬಳಿದ ಕುಂಬಳಕಾಯಿಯನ್ನು ಭೂಮಿಯೆಂದು ದಾರದಲ್ಲಿ ಕಟ್ಟಿ ಆಗಿತ್ತು. ಆಗ ಮುದ್ದಯ್ಯ ನಿಲುವಂಗಿ ಬಿಚ್ಚಿ ಕೈಗೆ ಕೊಟ್ಟ.

“ನಾನೂ ಸಾಯಬೇಕು.”

“ನೀವು ದೆವ್ವ ಕಣಣ್ಣ. ದೆವ್ವ ಸಾಯಕಿಲ್ಲ.”

“ಊಟ ಆಕ್ಸಿದ್ದು ನಾನು. ಬಾಯಿ ಸುಟ್ಕಂಡಿದ್ದು ನಾನು. ಊರ್ಗೆಲ್ಲ ಆಯಸ್ಸು, ನಂಗೆ ಮಾತ್ರ ಏನೂ ಇಲ್ವಾ? ಭೀಮನ್ನ ಕರ್ಸು, ತೊಡೆ ಮುರೀಲಿ, ಬೀಳ್ತೀನಿ.”

ಮೂವತ್ತೇಳು ಜನವೂ ಮುದ್ದಯ್ಯನ ಪಕ್ಷ ವಹಿಸಿದರು. ಪಾಪ, ಸಾಯಲಿ ಬಿಡು ಎಂದರು. ಕನಕರಾಜು ಬ್ಯಾರನ್ನಿನ ಬಾಗಿಲಿಗೆ ಅಡ್ಡ ನಿಂತ. ಬೆಳಿಗ್ಗೆಯಿಂದ ಒಬ್ಬರಾದರೂ ಸಾಯಿರಪ್ಪ ಎಂದು ಕಾಲು ಹಿಡಿದಿದ್ದವನು ಈಗ ಒಬ್ಬ ಸಾಯದಿರಲಿ ಎಂದು ಊರಿಗೇ ಎದುರು ನಿಂತಿದ್ದ.

“ಪ್ರಪಂಚದ ಎಲ್ಲಾ ಪಿಕ್ಚರ್‌ನಲ್ಲೂ ಕೊನೇಲಿ ದೆವ್ವ ಸಾಯ್ತದೆ. ಅದು ಸಾಯ್ತದೆ ಅಂತ ಎಲ್ರಿಗೂ ಮೊದ್ಲೇ ಗೊತ್ತಿರ್ತದೆ. ನನ್ ದೆವ್ವ ಗೆಲ್ತದೆ. ನೀವ್ ಯಾರೂ ಆಗ್ದಿದ್ರೆ ಬ್ಯಾಡ, ನಾನೇ ಆಯ್ತೀನಿ.”

ಹೇಳಿದವನೇ ನಿಲುವಂಗಿ ಹೊದ್ದ. ಕ್ಯಾಮೆರಾ ಪ್ರಮೀಳಾಳ ಹೆಗಲಿಗೇರಿತು. ಒಳಗೆ ತಗಡಿನ ಕೊಳವೆಗಳ ನಡುವೆ ನಡೆದು ಹೋಗಿ, ಕಿಂಡಿಯಲ್ಲಿ ತೂಗುತ್ತಿದ್ದ ಭೂಮಿಯನ್ನು ನೋಡಿ ಅವನು ನಕ್ಕ. ದಾರ ಕಾಣುತ್ತಿತ್ತು, ಕಾಣಲಿ ಎಂದುಕೊಂಡ. ಬುದ್ಧಿ ಹೇಳಿದವರನ್ನೆಲ್ಲ ನೆನೆದು ನೆನೆದು ನಕ್ಕ. ಹೊರಗೆ ಕೂತಿದ್ದವರ ಮೈ ಜುಮ್ಮೆಂದಿತು. ಚಿತ್ರ ಮುಗಿಯಿತು, ಅವನು ಬರೆದ ಹಾಗೆಯೇ ಮುಗಿಯಿತು. ಕ್ಯಾಸೆಟ್ಟು ಹೊರತೆಗೆದು ಎದೆಗೊತ್ತಿಕೊಂಡು ಬಾಗಿಲಿಗೆ ಬಂದಾಗ ಅವನಷ್ಟು ಸುಖಿ ಕಂಪಲಾಪುರದಲ್ಲಿ ಬೇರೆ ಯಾರೂ ಇರಲಿಲ್ಲ.

ಒಲೆಯ ಮುಂದೆ ಪೂಜೆ ಸಾಗಿತ್ತು. ಮಂಚಯ್ಯ ಕಾಯಿ ಒಡೆದು ಸೌದೆಗೆ ಬೆಂಕಿ ಹಚ್ಚಿದ. ಚಿಕ್ಕಬೀರಮ್ಮ ಕನಕರಾಜುವಿನ ಕಡೆ ಕೈ ಚಾಚಿದಳು.

“ಕೊಡಪ್ಪ ಅದ.”

“ಯಾಕಜ್ಜಿ?”

“ಸಾವಿನ ಕಾಗ್ದ ಬಂದ್ರೆ ಓದಿ ಏನ್ ಮಾಡ್ತಾರೆ? ಮನೇಲಿಟ್ಕತಾರಾ? ಹರಿದು ಎಸೀತಾರೆ. ಮೂವತ್ತೇಳ್ ಜನದ ಸಾವು ಅದೆ ಅದ್ರಲ್ಲಿ. ಹೊತ್ತು ಮುಳುಗೋಕೆ ಮುಂಚೆ ಸುಡಬೇಕು. ಇಲ್ದಿದ್ರೆ ಸುಳ್ಳು ಹೋಗಿ ನಿಜ ಆಗೋಯ್ತದೆ.”

ಮಾತು ಅರ್ಥವಾದ ಕ್ಷಣ ಕನಕರಾಜು ಮತ್ತೆ ಬ್ಯಾರನ್ನಿನೊಳಗೆ ನುಗ್ಗಿ ಅಡ್ಡ ಗಳಗಳನ್ನು ಹಿಡಿದು ಹತ್ತಿದ. ಕೋತಿಯೂ ಹಾಗೆ ಹತ್ತಲಾರದು. ತುತ್ತತುದಿಯ ಗಳದ ಮೇಲೆ ಕೂತು, “ಪ್ರಾಣ ಹೋದ್ರೂ ಕೊಡಕಿಲ್ಲ. ಯಾರ್ ಬತ್ತೀರೋ ಬನ್ನಿ” ಎಂದು ಕೂಗಿದ.

ಕೆಳಗೆ ಮೂವತ್ತೇಳು ಮುಖ ಮೇಲೆ ನೋಡುತ್ತಿದ್ದವು. ಮಂಚಯ್ಯ ಬೈದ. ಪುಟ್ಟಸ್ವಾಮಿ ಕೈ ಮುಗಿದ. ನಿಮ್ಮ ಮೂಢನಂಬಿಕೆಗೆ ನನ್ನ ಚಿತ್ರ ಯಾಕೆ ಬಲಿಯಾಗಬೇಕು ಎಂದು ಕನಕರಾಜು ಮೇಲಿಂದಲೇ ಭಾಷಣ ಮಾಡಿದ. ಮಧ್ಯಾಹ್ನ ಅದೇ ನಂಬಿಕೆಯನ್ನು ಹಿಡಿದು ಚಿತ್ರ ಮುಗಿಸಿಕೊಂಡದ್ದು ಅವನಿಗೆ ನೆನಪಾಗಲಿಲ್ಲ. ಕೊಳವೆಗಳು ಬಿಸಿಯಾಗತೊಡಗಿದವು. ಬೆವರು ಸುರಿಯಿತು, ಹಟ ಇಳಿಯಲಿಲ್ಲ.

ಕಡೆಗೆ ಸುಂದ್ರಮ್ಮ ಬಂದು ಗಳದ ಕೆಳಗೆ ನಿಂತಳು. ಕೂಗಲಿಲ್ಲ.

“ನಾನೂ ಸತ್ತಿದೀನಿ ಕಣೋ ಅದ್ರಲ್ಲಿ.”

ಕನಕರಾಜು ಬಗ್ಗಿ ಅಕ್ಕನ ಮುಖ ನೋಡಿದ. ತಾಯಿ ಇಲ್ಲದ ಅವನನ್ನು ಸಾಕಿದವಳು ಅವಳು. ಮೊದಲ ಕ್ಯಾಮೆರಾ ಕೊಳ್ಳಲು ಕಿವಿಯ ಓಲೆ ಬಿಚ್ಚಿಕೊಟ್ಟವಳು ಅವಳು. ಅವನಿಗೆ ನಂಬಿಕೆ ಇರಲಿಲ್ಲ, ಆದರೆ ಅವಳಿಗಿತ್ತು, ಇವತ್ತಿಂದ ಅವಳು ಹೆದರಿಕೊಂಡೇ ಮಲಗುತ್ತಾಳೆ. ಒಂದೊಂದೇ ಗಳ ಇಳಿದು ಬಂದು, ಯಾರ ಕೈಗೂ ಕೊಡದೆ, ತಾನೇ ಕ್ಯಾಸೆಟ್ಟನ್ನು ಒಲೆಯ ಬಾಯಿಗೆ ಹಾಕಿದ.

“ಸುಟ್ಕಳಿ,” ಎಂದ ಎಲ್ಲರಿಗೂ ಕೇಳುವ ಹಾಗೆ. “ಆದ್ರೂ ಗೆದ್ದಿದ್ದು ದೆವ್ವಾನೇ.”

ಜನ ನಿರಾಳವಾಗಿ ಪ್ರಸಾದಕ್ಕೆ ಕೈ ಒಡ್ಡಿದರು. ಕನಕರಾಜು ಒಬ್ಬನೇ ಹೊಂಗೆ ಮರದ ಕೆಳಗೆ ಹೋಗಿ ಕೂತ. ಅವನ ಪಕ್ಕಕ್ಕೆ ಒಬ್ಬ ಅಪರಿಚಿತ ಬಂದು ಕುಕ್ಕರಗಾಲಲ್ಲಿ ಕೂತ. ಪೂಜೆಗೆಂದು ವೀರನಹೊಸಹಳ್ಳಿಯಿಂದ ಬಂದಿದ್ದ ಮಂಚಯ್ಯನ ನೆಂಟ, ನಿಂಗರಾಜು ಅಂತ ಹೆಸರು.

“ಡೈರೆಕ್ಟ್ರು ನೀವೇ ಅಲ್ವಾ?”

ಕನಕರಾಜು ಬೆಚ್ಚಿ ತಲೆ ಎತ್ತಿದ. ಆ ಮಾತನ್ನು ಅವನಿಗೆ ಯಾರೂ ಯಾವತ್ತೂ ಅಂದಿರಲಿಲ್ಲ.

“ನಮ್ಮೂರಿಗೂ ಬಂದು ಒಂದ್ ಪಿಕ್ಚರ್ ತಗೊಡಿ ಸ್ವಾಮಿ. ಕಾಡಂಚಲ್ಲಿರೋರು ನಾವು, ಆನೆ ಕಾಟ, ಎಲ್ರಿಗೂ ವಸಿ ಆಯಸ್ಸು ಬೇಕಾಗದೆ. ವರ್ಸಕ್ಕೊಂದು ಆದ್ರೂ ಸರಿ. ನಲವತ್ತು ಬ್ಯಾರನ್ ಅವೆ, ಯಾ ಬ್ಯಾರನ್ ಬೇಕೋ ಇಡ್ಕಳಿ.”

ನಲವತ್ತು ನೌಕೆಗಳು ಕನಕರಾಜುವಿನ ಕಣ್ಣ ಮುಂದೆ ಸಾಲಾಗಿ ಹಾರಿದವು. ಬೆನ್ನು ನೆಟ್ಟಗಾಯಿತು. ಮೀಸೆ ಒರೆಸಿಕೊಂಡ.

“ಮೊದ್ಲೇ ಯೋಳ್ಬುಡ್ತೀನಿ. ನನ್ ಪಿಕ್ಚರ್‌ನಲ್ಲಿ ದೇವ್ರು ಬರಕಿಲ್ಲ, ಹಾಡಿರಕಿಲ್ಲ. ದೆವ್ವ ಸಾಯಕಿಲ್ಲ. ಒಂದ್ ಅಕ್ಷರ ಬದಲಾಯ್ಸಕಿಲ್ಲ. ಒಪ್ಪಿಗೆ ಇದ್ರೆ ಬತ್ತೀನಿ.”

ನಿಂಗರಾಜು ಪ್ರಸಾದದ ಕೊಬ್ಬರಿ ಚೂರನ್ನು ಬಾಯಿಗೆ ಹಾಕಿಕೊಂಡು ತಣ್ಣಗೆ ನಕ್ಕ.

“ನಿಮಗ್ ಎಂಗ್ ಬೇಕೋ ಅಂಗ್ ತಕ್ಕಳಿ ಸ್ವಾಮಿ. ಎಂಗಿದ್ರೂ ಸುಡದು ತಾನೆ, ಯಾರ್ ನೋಡ್ತಾರೆ?”